ಖಾಲಿ ಇನ್‌ಬಾಕ್ಸಿನ ಮೂರು ದಿನ

ತಪ್ಪು ನನ್ನದೇ ಎಂದು ಹೆಡ್‌ಮಾಸ್ಟರು ಬರೆದು ಕೊಟ್ಟಿದ್ದಾರೆ. ನಾನು ಪೂರ್ತಿ ಒಪ್ಪಿಲ್ಲ.

ನಾನು ರಿಪ್ಪನ್‌ಪೇಟೆಯ ಹತ್ತಿರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರ್. ಶಾಲೆಯ ಇಮೇಲ್ ನೋಡಿಕೊಳ್ಳುವುದೂ ನನ್ನದೇ ಕೆಲಸ, ಏಕೆಂದರೆ ಪಾಸ್‌ವರ್ಡ್ ನೆನಪಿರುವುದು ನನಗೊಬ್ಬಳಿಗೇ. ಸಾಗರದಲ್ಲಿ ನಡೆದ ಒಂದು ತರಬೇತಿಯಲ್ಲಿ, ಇನ್‌ಬಾಕ್ಸನ್ನೇ ಕೆಲಸದ ಪಟ್ಟಿ ಮಾಡಿಕೊಳ್ಳಿ, ಪ್ರತಿ ಸಂಜೆ ಅದು ಖಾಲಿಯಾಗಿರಬೇಕು ಎಂದು ಹೇಳಿಕೊಟ್ಟರು. ಮಧ್ಯಾಹ್ನದ ಊಟ ಚೆನ್ನಾಗಿದ್ದುದರಿಂದ ಅಷ್ಟನ್ನೂ ನಂಬಿದೆ.

ಮನೆಗೆ ಬಂದವಳೇ ಲ್ಯಾಪ್‌ಟಾಪ್ ತೆರೆದೆ. ನಮಗೆ ಬರುವ ಪತ್ರಗಳಲ್ಲಿ ಹತ್ತಕ್ಕೆ ಒಂಬತ್ತರ ತಲೆಯ ಮೇಲೆ ‘ತುರ್ತು’ ಎಂದಿರುತ್ತದೆ. ಕೈತೋಟದಲ್ಲಿ ಎಷ್ಟು ಸಸಿ ನೆಟ್ಟಿರಿ ಎಂಬುದು ತುರ್ತು. ಶೌಚಾಲಯದ ಫೋಟೋ ಇನ್ನೊಮ್ಮೆ ಕಳಿಸಿ ಎಂಬುದು ಅತಿ ತುರ್ತು. ಎಲ್ಲವೂ ತುರ್ತಾದರೆ ಯಾವುದೂ ತುರ್ತಲ್ಲ ಎಂದು ವೈಜ್ಞಾನಿಕವಾಗಿ ತೀರ್ಮಾನಿಸಿದೆ. ಆ ಪದವಿರುವ ಪತ್ರಗಳೆಲ್ಲ ನೇರವಾಗಿ ‘ಆಮೇಲೆ’ ಎಂಬ ಫೋಲ್ಡರಿಗೆ ಹೋಗುವಂತೆ ಮಾಡಿದೆ. ಕಳಿಸಿದವರಿಗೆ ಬೇಸರವಾಗಬಾರದಲ್ಲ, ‘ಗಮನಿಸಲಾಗಿದೆ, ಅಗತ್ಯ ಕ್ರಮ ಕೈಗೊಳ್ಳಲಾಗುವುದು’ ಎಂದು ತಾನಾಗಿಯೇ ಉತ್ತರ ಹೋಗುವ ಏರ್ಪಾಡನ್ನೂ ಮಾಡಿದೆ.

ಬುಧವಾರದಿಂದ ಶುಕ್ರವಾರದವರೆಗೆ ನನ್ನ ಇನ್‌ಬಾಕ್ಸ್ ಸಾರಿಸಿದ ಅಂಗಳದ ಹಾಗಿತ್ತು. ಗಂಡನನ್ನು ಕರೆದು ತೋರಿಸಿದೆ.

“ಏನೂ ಇಲ್ವಲ್ಲೇ ಇದ್ರಲ್ಲಿ?”

“ಅದೇ ವಿಶೇಷ.”

“ಅಕ್ಕಿ ಡಬ್ಬ ಹಿಂಗೆ ಖಾಲಿಯಾದ್ರೆ ನನ್ನ ಬೈತೀಯ,” ಎಂದು ಹೇಳಿ ಹೋದರು. ಮುಂದುವರಿದ ವಿಚಾರಗಳು ಎಲ್ಲರಿಗೂ ಹಿಡಿಸುವುದಿಲ್ಲ.

ಶನಿವಾರ ತೀರ್ಥಹಳ್ಳಿಯಲ್ಲಿ ಮಕ್ಕಳ ನಾಟಕ ಸ್ಪರ್ಧೆಯಿತ್ತು. ನಮ್ಮದು ಕಾಡಿನ ನಾಟಕ, ಒಂದು ತಿಂಗಳ ಅಭ್ಯಾಸ. ಬರುವಾಗಲೇ ವೇಷದಲ್ಲಿರಬೇಕು ಎಂದು ತಿಂಗಳ ಹಿಂದೆ ತಿಳಿಸಿದ್ದರು. ಹಾಗಾಗಿ ಶಾಲೆಯಲ್ಲೇ ಬಣ್ಣ ಬಳಿದು ಆರು ಮರ, ಎರಡು ಜಿಂಕೆ, ಒಂದು ಹುಲಿಯನ್ನು ಬಸ್ಸು ಹತ್ತಿಸಿದೆ. ರಟ್ಟಿನ ಕಾಂಡ ಕಟ್ಟಿಕೊಂಡವರಿಗೆ ಕೂರಲು ಬರುವುದಿಲ್ಲವೆಂದು ಆಮೇಲೆ ತಿಳಿಯಿತು. ಮರಗಳು ದಾರಿಯುದ್ದಕ್ಕೂ ನಿಂತೇ ಬಂದವು.

ಸಭಾಭವನದ ಬಾಗಿಲಲ್ಲಿ ನಮ್ಮ ಮೇಲೆ ಪನ್ನೀರು ಚಿಮುಕಿಸಿದರು. ಎಂಥ ಸ್ವಾಗತ ಎಂದು ಹಿಗ್ಗಿದೆ. ಒಳಗೆ ಯಾರದೋ ನಿಶ್ಚಿತಾರ್ಥ ನಡೆಯುತ್ತಿತ್ತು.

ನನಗೆ ಮೈಯೆಲ್ಲ ಉರಿಯಿತು. ಮಕ್ಕಳಿಗೂ, ಬಾಗಿಲಿಗೆ ಬಂದ ನಿಶ್ಚಿತಾರ್ಥದ ಹುಡುಗಿಯ ತಂದೆಗೂ ಕೇಳಲಿ ಎಂದು ಸ್ಪೀಕರ್ ಹಾಕಿ ಸ್ಪರ್ಧೆಯ ಸಂಘಟಕರಿಗೆ ಫೋನ್ ಮಾಡಿದೆ. ಮಕ್ಕಳ ಶ್ರಮಕ್ಕೆ ಬೆಲೆಯಿಲ್ಲವೇ, ಜವಾಬ್ದಾರಿ ಎಂಬ ಪದ ಕೇಳಿದ್ದೀರಾ ಎಂದು ಉಸಿರು ಬಿಡದೆ ವಿಚಾರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಮೇಡಂ, ಇವತ್ತು ಹಾಲ್ ಸಿಗಲ್ಲ ಅಂತ ಸ್ಪರ್ಧೆ ನಿನ್ನೆನೇ ಮುಗಿಸಿದ್ವಿ. ತುರ್ತು ಅಂತ ಬರೆದು ನಿಮ್ಗೆ ಮೂರು ಸಲ ಮೇಲ್ ಹಾಕಿದೀನಿ. ಮೂರು ಸಲನೂ ಗಮನಿಸಲಾಗಿದೆ ಅಂತ ಉತ್ತರ ಕೊಟ್ಟಿದೀರಿ.”

ಸ್ಪೀಕರ್ ಆರಿಸುವ ಗುಂಡಿ ಆಗ ಸಿಗಲೇ ಇಲ್ಲ.

ಹುಡುಗಿಯ ತಂದೆ ಒಳ್ಳೆಯವರು. ಇಷ್ಟು ದೂರ ಬಂದಿದ್ದೀರಿ, ಇಲ್ಲೇ ಆಡಿಬಿಡಿ ಎಂದು ಉಂಗುರದ ಶಾಸ್ತ್ರ ಮುಗಿದ ಮೇಲೆ ವೇದಿಕೆ ಬಿಟ್ಟುಕೊಟ್ಟರು. ಮಕ್ಕಳು ಚೆನ್ನಾಗಿಯೇ ಆಡಿದರು. ಹುಲಿ ಗರ್ಜಿಸಿದಾಗ ಭಾವೀ ಅಳಿಯ ಕುರ್ಚಿಯಿಂದ ಎದ್ದು ನಿಂತುಬಿಟ್ಟ. ಬಹುಮಾನವಿಲ್ಲ, ಹೋಳಿಗೆ ಸಿಕ್ಕಿತು.

ವಾಪಸು ಬರುವಾಗ ಬಸ್ಸಿನಲ್ಲಿ ಮಕ್ಕಳು ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದರು. ನಾನೇ ಸಮಾಧಾನ ಹೇಳಲು ಹೊರಟೆ. ಒಂದು ಫೋನಾದರೂ ಮಾಡಬಾರದಿತ್ತೇ ಅವರು, ಈ ಕಾಲದಲ್ಲಿ ಎದುರಿಗೆ ಬಂದು ಬಾಯಿಬಿಟ್ಟು ಹೇಳುವವರೇ ಇಲ್ಲ ಎಂದೆ. ಪಕ್ಕದಲ್ಲಿ ಕೂತಿದ್ದ ಹುಲಿ, ಅಂದರೆ ಒಂಬತ್ತನೇ ಕ್ಲಾಸಿನ ಸೌಮ್ಯ, ಮೀಸೆ ಒರೆಸಿಕೊಳ್ಳುವುದನ್ನು ನಿಲ್ಲಿಸಿದಳು.

“ಟೀಚರ್, ನಮ್ಮತ್ತೆ ಮಗಳ ಶಾಲೆಯೋರೂ ಈ ಸ್ಪರ್ಧೇಲಿದ್ರು. ಶುಕ್ರವಾರಕ್ಕೇ ಇಟ್ಟಿದಾರೆ ಅಂತ ಅವ್ಳು ಹೇಳಿದ್ಲು. ನಾನು ಗುರುವಾರ ನಿಮ್ಗೆ ಹೇಳಕ್ಕೆ ಬಂದಿದ್ದೆ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಏನಿದ್ರೂ ಮೇಲ್ ಮಾಡು ಅಂದ್ರಿ. ನಮ್ಮನೇಲಿ ಮೇಲ್ ಇಲ್ಲ ಟೀಚರ್.”

ಹುಲಿ ಮತ್ತೆ ಮೀಸೆ ಒರೆಸಿಕೊಳ್ಳತೊಡಗಿತು. ನಾನು ರಿಪ್ಪನ್‌ಪೇಟೆ ಬರುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದೆ.