ಉಳ್ಳಾಗಡ್ಡಿ ನುಡಿದ ಸಾಕ್ಷಿ

ನಾನು ಗಂಭೀರವಾಗಿ ಪಾಠ ಶುರುಮಾಡಿದಾಗೆಲ್ಲ ಯಾರಾದರೂ ಒಬ್ಬರು ನಗಿಸದೆ ಬಿಟ್ಟದ್ದೇ ಇಲ್ಲ. ನಲವತ್ತರ ದಶಕದ ಕೊನೆಗೆ ವಿಜಾಪುರದ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ. ಒಂದು ಜೀವಕೋಶ ಎರಡಾಗುವುದನ್ನು, ಅದರೊಳಗಿನ ದಾರದಂಥ ವರ್ಣತಂತುಗಳು ಪಾಲಾಗುವುದನ್ನು ತೋರಿಸಲು ಉಳ್ಳಾಗಡ್ಡಿಯ, ಅಂದರೆ ಈರುಳ್ಳಿಯ, ಎಳೆ ಬೇರು ಸಾಕು. ಪಜೀತಿಯೆಲ್ಲ ನೋಡುವವರದು.

೧. ಕಾಯುತ್ತ ಕೂತವನು

ಕಾಖಂಡಕಿಯ ವಿದ್ಯಾರ್ಥಿಯೊಬ್ಬ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವನು ಗಂಟೆ ಹೊಡೆದರೂ ಏಳಲಿಲ್ಲ. ಏನಪ್ಪಾ ಎಂದೆ.

"ವರ್ಣತಂತು ನಡುವ ಸಾಲಾಗಿ ನಿಂತಾವ್ರಿ ಸರ. ಇನ್ನೇನು ಎರಡೂ ಕಡಿ ಸರೀತಾವಂತ ಕಾಯಾಕತ್ತೇನಿ."

"ಅವು ಸರಿಯೂದಿಲ್ಲೋ. ಬಣ್ಣ ಹಾಕೂ ಮೊದಲ ಆ ಕೋಶ ಸತ್ತೈತಿ. ಮುಂದಿನ ಹಂತ ಬ್ಯಾರೆ ಕೋಶದಾಗ ಹುಡುಕಬೇಕು."

ಅವನ ಮುಖ ಸಣ್ಣದಾಯಿತು. "ಮೊದಲ ಹೇಳಬಾರದೇನ್ರಿ? ಅಲುಗಾಡೀತಂತ ತಾಸೊತ್ತು ಉಸರು ಬಿಗಿಹಿಡದು ಕುಂತೇನಿ."

೨. ಸುಣ್ಣದ ಗೆರೆ

ಸಿದ್ಧೇಶ್ವರ ಗುಡಿಯ ಹತ್ತಿರ, ಅಣ್ಣ ತಮ್ಮ ಇಬ್ಬರ ಮನೆಯ ನಡುಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ತಿಕೋಟಾದ ಹೊಲ ಆಗಲೇ ಪಾಲಾಗಿತ್ತು, ಮನೆಯೊಂದು ಉಳಿದಿತ್ತು. ಒಂದು ಸಂಜೆ ಬಂದು ನೋಡಿದರೆ ನನ್ನ ಮಂಚದ ಕೆಳಗೇ ಸುಣ್ಣದ ಗೆರೆ ಹಾದಿದೆ. ಅಲ್ಲಿ ಗೋಡೆ ಏಳುವುದಂತೆ. ನನಗೂ ಮಗನಂತೆ ರೊಟ್ಟಿ ಬಡಿದು ಹಾಕುತ್ತಿದ್ದ ಅವರ ಅವ್ವನನ್ನು ಬಿಟ್ಟುಹೋಗುವ ಮನಸ್ಸು ಸ್ವಲ್ಪವೂ ಇರಲಿಲ್ಲ.

"ಮತ್ತ ನಾ ಎಲ್ಲಿರಲಿ?" ಎಂದೆ.

ಅಣ್ಣ ಗೆರೆಯನ್ನೂ ಮಂಚವನ್ನೂ ಅಳೆದು ನೋಡಿದ. "ತಲಿ ನನ್ನ ಕಡಿ ಇಟಗೋರ್ರಿ ಮಾಸ್ತರ, ಕಾಲು ತಮ್ಮನ ಕಡಿ."

೩. ಗೋಡೆಗಿಂತ ಮೊದಲು

ಭಾನುವಾರ ಕಾಲೇಜಿನ ಸೂಕ್ಷ್ಮದರ್ಶಕ ಕೋಣೆಗೆ ತಂದು, ಉಳ್ಳಾಗಡ್ಡಿ ಬೇರಿನ ತುದಿ ಇಟ್ಟುಕೊಂಡು ಕೂತಿದ್ದೆ. ಅಣ್ಣ ತಮ್ಮ ಇಬ್ಬರೂ ಇಣುಕಿದರು. ವರ್ಣತಂತುಗಳು ದಪ್ಪವಾಗುವುದು, ನಡುವೆ ಸಾಲು ನಿಲ್ಲುವುದು, ಎರಡು ಕಡೆ ಸರಿಯುವುದು, ಕಡೆಗೆ ನಡುವೆ ಗೋಡೆ ಮೂಡುವುದು, ಎಲ್ಲ ತೋರಿಸಿದೆ.

ತಮ್ಮ ತಲೆಯೆತ್ತಿ, "ನೋಡಣ್ಣ, ಉಳ್ಳಾಗಡ್ಡ್ಯಾಗೂ ಗೋಡಿ ಏಳತೈತಿ" ಎಂದ. ನನ್ನ ಉಳ್ಳಾಗಡ್ಡಿಯೇ ನನಗೆ ಎದುರು ಬಿತ್ತು.

ಬಾಗಿಲಲ್ಲಿ ನಿಂತಿದ್ದ ಅವ್ವ ಕೇಳಿದಳು: "ಹಂಚಿಕೊಳ್ಳೂಕಿಂತ ಮೊದಲ ಅವು ಏನ ಮಾಡತಾವ, ಮಾಸ್ತರ?"

"ಒಂದೊಂದೂ ತನ್ನಂಥದ ಇನ್ನೊಂದು ಮಾಡಿಕೋತೈತ್ರಿ. ಯಾರಿಗೂ ಕಡಿಮಿ ಬೀಳಬಾರದಲ್ಲ."

ಅವ್ವ ಮಕ್ಕಳ ಕಡೆ ತಿರುಗಿದಳು. "ಕೇಳಿದ್ರೇನಲೇ? ಮೊದಲ ನನ್ನಂಥಾಕಿ ಇನ್ನೊಬ್ಬಾಕಿನ್ನ ಮಾಡ್ರಿ. ಆಮ್ಯಾಲ ಗೋಡಿ ಕಟ್ರಿ."

ಅಣ್ಣ ಮೆಲ್ಲಗೆ ಬಗ್ಗಿ, ಧೋತರದ ಚುಂಗಿನಿಂದ ಸುಣ್ಣದ ಗೆರೆ ಒರೆಸತೊಡಗಿದ.

"ಒಬ್ಬಾಕಿನ್ನ ತಡಕೊಳ್ಳೂದ ಸಾಕಾಗೇತಿ ಬೇ," ಎಂದ, "ಇಬ್ಬರಾದ್ರ ನಾವ ಮನಿ ಬಿಡಬೇಕಾಗತೈತಿ."