ಶರೀರದ ಭಾಗಗಳು: ಒಂದು ತೃಪ್ತಿಕರ ವಿಲೇವಾರಿ

ಮಾನವ ಶರೀರದ ಭಾಗಗಳನ್ನು ರಸ್ತೆಗೆ ಎಸೆದು ಶಿಕ್ಷೆಗೊಳಗಾದ ವಲಸಿಗನೊಬ್ಬ, ಹೊರದೇಶಕ್ಕೆ ಹೋಗಿ ಮರಳಲು ಅನುಮತಿ ಕೋರಿ ಸಲ್ಲಿಸಿದ ಅರ್ಜಿಯು ಪ್ರಯಾಣ ಕಚೇರಿಯಲ್ಲಿ ನಿಯಮಾನುಸಾರ ಸ್ವೀಕೃತವಾಯಿತು.

ಈತ ವೃತ್ತಿಯಲ್ಲಿ ಕ್ಷೌರಿಕ. ಹತ್ತೊಂಬತ್ತು ವರ್ಷದ ಹಿಂದೆ ಈ ದೇಶಕ್ಕೆ ಬಂದ ಹೊಸತರಲ್ಲಿ, ಅಂಗಡಿ ಗುಡಿಸಿದ ಕೂದಲನ್ನು ಊರಿನ ಅಭ್ಯಾಸದಂತೆ ಬಾಗಿಲಾಚೆ ತಳ್ಳಿದ್ದ. ಪೊಲೀಸರ ಪಟ್ಟಿಯಲ್ಲಿ ಕೂದಲಿಗೆ ಕಾಲಂ ಇರಲಿಲ್ಲ. ಪಾಪ, ಹತ್ತಿರದ ಕಾಲಂಗೆ ಸೇರಿಸಿದರು. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಮುಗಿಯಿತು ಅಂದರು. ಇವನ ಪಾಲಿಗೆ ಮುಗಿಯಿತು, ಕಡತದ ಪಾಲಿಗೆ ಅಲ್ಲ.

ಈಗ ಇವನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ಊರಲ್ಲಿ ಹಾಸಿಗೆ ಹಿಡಿದಿದ್ದಳು. ಫೋನಿನಲ್ಲಿ ಒಂದೇ ಮಾತು: "ಒಂದ್ಸಲ ಮುಖ ತೋರಿಸಿ ಹೋಗೋ." ಅನುಮತಿಯಿಲ್ಲದೆ ಹೋದರೆ ಹೆಂಡತಿ, ಮಗಳು, ಅಂಗಡಿ ಇರುವ ಈ ನೆಲಕ್ಕೆ ಮತ್ತೆ ಕಾಲಿಡುವಂತಿಲ್ಲ.

ಅಧಿಕಾರಿ ಕಡತ ಬಿಡಿಸಿದರು. "ಒಟ್ಟು ಎಷ್ಟು ಜನರ ಭಾಗಗಳು?"

"ದಿನಕ್ಕೆ ಹದಿನೈದು ಜನ ಬರ್ತಾರೆ ಸಾರ್."

"ಬರ್ತಾರೆ ಅಂದ್ರೆ? ಈಗಲೂ ನಡೀತಿದೆಯಾ?"

"ಅದೇ ಅಲ್ವಾ ಸಾರ್ ನನ್ನ ಕೆಲಸ. ಹೋದ ತಿಂಗಳು ನಿಮಗೂ ಮಾಡಿದೀನಲ್ಲ."

ಅಧಿಕಾರಿಯ ಕೈ ತಾನಾಗಿ ತಲೆಗೆ ಹೋಯಿತು. 'ಸಂತ್ರಸ್ತರಲ್ಲಿ ಕೆಳಗೆ ಸಹಿ ಮಾಡಿದವರೂ ಒಬ್ಬರು' ಎಂದು ಬರೆದುಕೊಂಡರು. "ಕೂದಲು ಅಂತ ನನಗೂ ಗೊತ್ತು ಇವರೇ. ಕಡತಕ್ಕೆ ಗೊತ್ತಿಲ್ಲವಲ್ಲ."

ಪರಿಹಾರವನ್ನೂ ಕಚೇರಿಯೇ ಸೂಚಿಸಿ, ಅಂಗಡಿ ಬಾಗಿಲಿಗೆ ಪ್ರಕಟಣೆ ಅಂಟಿಸಿತು: 'ಇಲ್ಲಿ ಶರೀರದ ಭಾಗ ಕಳೆದುಕೊಂಡವರು ತಾವು ಜೀವಂತವಿರುವುದಾಗಿಯೂ, ಸದರಿ ಭಾಗವು ಮತ್ತೆ ಬೆಳೆದಿರುವುದಾಗಿಯೂ ಖುದ್ದು ಹಾಜರಾಗಿ ದೃಢೀಕರಿಸತಕ್ಕದ್ದು.'

ಗಿರಾಕಿಗಳು ಒಳ್ಳೆಯವರು, ಕಚೇರಿಗೆ ಬಂದು ಸಾಲಾಗಿ ನಿಂತರು. ಗುಮಾಸ್ತ ಒಬ್ಬೊಬ್ಬರ ಕೂದಲನ್ನೂ ಎಳೆದು ನೋಡಿ ಮೊಹರು ಒತ್ತಿದ. ಎಲ್ಲ ಸುಸೂತ್ರವಾಗಿತ್ತು, ಗಿರಾಕಿಗಳಲ್ಲೊಬ್ಬರಾದ ಬೇಕರಿಯ ಯಜಮಾನರು ಟೋಪಿ ತೆಗೆಯುವವರೆಗೆ. ತಲೆ ನುಣ್ಣಗೆ ಹೊಳೆಯಿತು.

"ಬೆಳೆದೇ ಇಲ್ಲವಲ್ಲ," ಅಂದ ಗುಮಾಸ್ತ.

"ಇದು ವಯಸ್ಸಿಗೆ ಹೋಗಿದ್ದು ಸ್ವಾಮಿ. ಅವನೇನು ಮಾಡ್ತಾನೆ?"

"ವಯಸ್ಸಿನ ಮೇಲೆ ಕೇಸಿಲ್ಲ. ಕೇಸಿರೋದು ಈ ಕ್ಷೌರಿಕರ ಮೇಲೆ."

ಕಡತ 'ಶಾಶ್ವತ ಅಂಗನಷ್ಟ' ವಿಭಾಗಕ್ಕೆ ಏರಿತು. ಅಲ್ಲಿ ಐದು ವಾರ ಕೂತಿತು. ಆರನೇ ವಾರ ಅಕ್ಕ ತೀರಿಕೊಂಡಳು.

ಕ್ಷೌರಿಕ ಹೆಂಡತಿಯೊಡನೆ ಹೋಗಿ ತಿಳಿಸಿದಾಗ ಅಧಿಕಾರಿ ಎದ್ದು ನಿಂತು ಮೌನ ಆಚರಿಸಿದರು. ಬಳಿಕ ಕೂತು ಬರೆದರು: 'ಪ್ರಯಾಣದ ಕಾರಣ ಇಲ್ಲವಾದ್ದರಿಂದ ಅರ್ಜಿಯನ್ನು ತೃಪ್ತಿಕರವಾಗಿ ವಿಲೇವಾರಿ ಮಾಡಲಾಗಿದೆ.'

"ನೋಡಿ, ತಿರಸ್ಕಾರ ಅಂತ ಬರೀಲಿಲ್ಲ. ಬರೆದಿದ್ರೆ ಮುಂದಿನ ಸಲಕ್ಕೆ ನಿಮಗೇ ತೊಂದರೆ."

"ಮುಂದಿನ ಸಲಕ್ಕೆ ಯಾರಿದ್ದಾರೆ ಸಾರ್?"

"ಯೋಚನೆ ಮಾಡಿ. ಊರಲ್ಲಿ ಇನ್ಯಾರಿಗೂ ಹುಷಾರಿಲ್ವಾ?"

ಜೊತೆಗೆ ಅಭಿಪ್ರಾಯದ ನಮೂನೆ ಕೊಟ್ಟರು: ತೃಪ್ತಿ, ಅತೃಪ್ತಿ. ಅತೃಪ್ತಿಯನ್ನು ಸಿಬ್ಬಂದಿಯ ಮೇಲಿನ ಆರೋಪವೆಂದು ಪರಿಗಣಿಸಿ ಅರ್ಜಿದಾರರ ಕಡತಕ್ಕೆ ಸೇರಿಸಲಾಗುವುದು ಎಂದು ಕೆಳಗೆ ಸಣ್ಣಕ್ಷರದಲ್ಲಿತ್ತು.

"ರೀ, ಗುರುತು ಹಾಕಿ ಬನ್ನಿ, ಅಂಗಡಿ ತೆಗೀಬೇಕು," ಅಂದಳು ಹೆಂಡತಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು.

ಅವನು ತೃಪ್ತಿಗೆ ಗುರುತು ಹಾಕಿದ. ಅಧಿಕಾರಿ ಇನ್ನೊಂದು ನಮೂನೆ ಮುಂದಕ್ಕೆ ತಳ್ಳಿದರು.

"ಅಕ್ಕನವರ ಪರವಾಗಿಯೂ ಒಂದು ಹಾಕಿಬಿಡಿ."

ಹಾಕಿದ.