ಟವೆಲ್ ಹಾಕಿ ಸೂರ್ಯಾಸ್ತ ಹಿಡಿದದ್ದು

ನಾನು ಸುಮ್ಮನೆ ಹೋಗಿ ಸುಮ್ಮನೆ ಬಂದ ಜಾಗ ಇದುವರೆಗೆ ಒಂದೂ ಇಲ್ಲ. ಎಲ್ಲಿ ಹೋದರೂ ಏನಾದರೊಂದು ಆಗಿಯೇ ತೀರುತ್ತದೆ. ರಿಟೈರ್ ಆದ ಮೇಲಾದರೂ ನಿಲ್ಲುತ್ತದೆ ಅಂದುಕೊಂಡಿದ್ದೆ. ಈಗ ಪುರುಸೊತ್ತು ಜಾಸ್ತಿ, ಅದಕ್ಕೆ ಪ್ರಸಂಗಗಳೂ ಜಾಸ್ತಿ. ಮೊನ್ನೆ ಹೊನ್ನಾವರಕ್ಕೆ ಹೋಗಿ ಬಂದದ್ದನ್ನೇ ತಗೊಳ್ಳಿ.

ಹಳೇ ವಿದ್ಯೆ

ನನ್ನ ಹೆಂಡತಿ ಟೀಚರ್ ಆಗಿದ್ದವಳು. ಜೋಗುಪಾಳ್ಯದ ನಮ್ಮ ಮನೆಯಿಂದ ಕೃಷ್ಣರಾಜಪುರದ ಸ್ಕೂಲಿಗೆ ಸರ್ವಿಸ್ ಪೂರ್ತಿ ಬಸ್ಸಿನಲ್ಲಿ ನಿಂತೇ ಓಡಾಡಿದಳು. ಹೊರಡುವ ಮುಂಚೆ ಅವಳು ಕೇಳಿದ್ದು ಒಂದೇ.

"ನಂಗೆ ಸೀರೆ ಬೇಡ, ಗೀರೆ ಬೇಡ. ನದೀಲಿ ದೋಣಿ ಹತ್ತಿ, ಸೂರ್ಯ ಸಮುದ್ರಕ್ಕೆ ಇಳಿಯೋದನ್ನ ಕೂತ್ಕೊಂಡು ನೋಡ್ಬೇಕು. ಕೂತ್ಕೊಂಡು, ರೀ! ಅದೂ ಅಂಚಿನ ಸೀಟಲ್ಲಿ."

"ಅದನ್ನ ನಂಗೆ ಬಿಡು," ಅಂದೆ. ಸೀಟು ಹಿಡಿಯುವ ವಿದ್ಯೆಯನ್ನು ನಾನು ಕಲಿತದ್ದು ಶಿವಾಜಿನಗರ ಬಸ್ ಸ್ಟ್ಯಾಂಡಿನಲ್ಲಿ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದರೆ ಆ ಸೀಟು ನಮ್ಮದು. ಒಂದು ಭಾನುವಾರ ಕೃಷ್ಣರಾಜಪುರದ ನಾದಿನಿ ಮನೆಗೆ ಊಟಕ್ಕೆ ಹೊರಟಿದ್ದೆವು. ನಾನು ಟವೆಲ್ ಎಸೆದೆ, ನುಗ್ಗಿದೆ, ಕೂತೆ. ಹಿಂದೆಯೇ ಬಂದ ಹೆಂಡತಿ, "ರೀ, ಇದು ಬಾಣಸವಾಡಿಗೆ ಹೋಗತ್ತಂತೆ!" ಅಂದಳು.

"ಹೋಗ್ಲಿ ಬಿಡೇ. ಸೀಟ್ ಸಿಕ್ಕಿದೆಯಲ್ಲ, ಕೂತ್ಕೋ," ಅಂದೆ.

ಬಾಣಸವಾಡಿ ನೋಡಿಕೊಂಡು ಬಂದೆವು. ಊಟ ತಪ್ಪಿತು, ಸೀಟು ತಪ್ಪಲಿಲ್ಲ.

ಸಮುದ್ರಕ್ಕೊಂದು ಸುತ್ತು

ನನ್ನ ಬೆಳಗಿನ ವಾಕಿಂಗ್ ಹಲಸೂರು ಕೆರೆಯ ಸುತ್ತ. ಅಲ್ಲಿ ಅನುಕೂಲವೇನೆಂದರೆ, ಹೊರಟವನು ತಾನಾಗಿಯೇ ಹೊರಟ ಜಾಗಕ್ಕೆ ಬಂದು ಸೇರುತ್ತಾನೆ. ಅದೇ ಅಭ್ಯಾಸದಲ್ಲಿ ಹೊನ್ನಾವರದಲ್ಲೂ ಬೆಳಗ್ಗೆ ಎದ್ದು ಸಮುದ್ರದ ದಂಡೆ ಹಿಡಿದೆ. ತಂಪು ಗಾಳಿ, ಮೆತ್ತನೆ ಮರಳು, ಹಾರ್ನ್ ಇಲ್ಲ. ನಡೆದೆ, ನಡೆದೆ, ತಿರುವು ಮಾತ್ರ ಬರಲೇ ಇಲ್ಲ. ಮೀನು ಒಣಹಾಕುತ್ತಿದ್ದ ಅಜ್ಜಿಯೊಬ್ಬರು ತಲೆ ಎತ್ತಿದರು.

"ಎಲ್ಲಿಗೆ ಹೊರಟ್ರಿ?"

"ವಾಕಿಂಗಮ್ಮ. ಒಂದು ಸುತ್ತು ಹಾಕ್ಕೊಂಡು ಬಂದ್ಬಿಡ್ತೀನಿ," ಅಂದೆ ಅಭ್ಯಾಸಬಲದಿಂದ.

ಅಜ್ಜಿ ನನ್ನನ್ನೂ ನೋಡಿದರು, ಸಮುದ್ರವನ್ನೂ ನೋಡಿದರು. "ಹಾಗಾದ್ರೆ ಆಚೆ ಬದಿಗೆ ದುಬೈ ಸಿಗ್ತದೆ. ನನ್ನ ಮಗ ಅಲ್ಲೇ ಇದ್ದಾನೆ, ಒಂದು ಚಾ ಕುಡ್ಕೊಂಡು ಬನ್ನಿ."

ದೋಣಿ ಬಸ್ಸಲ್ಲ

ಅಜ್ಜಿಯ ದುಬೈ ಮಾತು ಕೇಳಿ ಹೆಂಡತಿ ಮಧ್ಯಾಹ್ನದವರೆಗೂ ನಕ್ಕಳು. ಸಂಜೆ ಶರಾವತಿಯ ದಡಕ್ಕೆ ಬಂದೆವು. ಪ್ರವಾಸಿಗರ ದೋಣಿ ನಿಂತಿತ್ತು. ಹತ್ತಲು ನಾಲ್ಕು ಜನ ಸಾಲಾಗಿ ಹೊರಟದ್ದೇ ತಡ, ನನ್ನೊಳಗಿನ ಶಿವಾಜಿನಗರ ಎದ್ದು ಕೂತಿತು. ಬಿಸಿಲು ಬೀಳುತ್ತಿದ್ದ ಕಡೆಯ ಅಂಚಿನ ಸೀಟಿಗೆ ಗುರಿಯಿಟ್ಟು ಟವೆಲ್ ಎಸೆದು, ಎಲ್ಲರನ್ನೂ ದಾಟಿ ಒಳಕ್ಕೆ ಹಾರಿದೆ.

ದೋಣಿಯವನು ಶಾಂತವಾಗಿ ಕೇಳಿದ: "ಸಾರ್, ಜನ ಹತ್ತು, ಸೀಟು ಮೂವತ್ತು. ಹಾರಿದ್ದು ಎಂತಕ್ಕೆ?"

ನಾನು ಟವೆಲ್ ಸರಿಮಾಡಿ ಹೆಂಡತಿಯನ್ನು ಕರೆದೆ. ಅವಳು ಮಹಾರಾಣಿಯ ಹಾಗೆ ಅಂಚಿಗೆ ಕೂತಳಲ್ಲ, ಅಷ್ಟು ಸಾಕು. ದೋಣಿ ಹೊರಟಿತು. ಹೊರಟದ್ದೇ ಸೊಯ್ಯನೆ ತಿರುಗಿತು! ನಾನು ಹಿಡಿದ ಸೀಟಿನ ಮುಂದಿದ್ದ ಸೂರ್ಯ ಹಿಂದಕ್ಕೆ ಹೋದ. ಬಸ್ಸಿನಲ್ಲಿ ಹಿಡಿದ ಕಿಟಕಿ ಕೊನೇ ಸ್ಟಾಪಿನವರೆಗೂ ಕಿಟಕಿಯೇ, ನದಿಯಲ್ಲಿ ಹಾಗಲ್ಲ. ನದಿ ಬಳುಕಿದಂತೆಲ್ಲ ಸೂರ್ಯ ಎಡಕ್ಕೆ, ಬಲಕ್ಕೆ. ಅವನ ಹಿಂದೆ ನಾನೂ, "ಈ ಕಡೆ ಬಾರೇ! ಅಯ್ಯೋ, ಆ ಕಡೆ ಹೋಗೇ!" ಎನ್ನುತ್ತ ಓಡಾಡಿದೆ.

ಹೆಂಡತಿ ಕೂತಲ್ಲಿಂದ ಕದಲದೆ, ದಡದ ನೀರಲ್ಲೇ ಬೆಳೆದ ಕಾಂಡ್ಲಾ ಗಿಡಗಳ ಮೇಲಿನ ಬೆಳ್ಳಕ್ಕಿ ನೋಡುತ್ತಿದ್ದಳು. ಕೊನೆಗೆ ದೋಣಿಯವನು, "ಸಾರ್, ಸೂರ್ಯ ಮುಳುಗುವುದು ದಿನಾ ಉಂಟು. ನೀವು ಹೀಗೆ ಓಡಿದ್ರೆ ಇವತ್ತು ನಾವೂ ಮುಳುಗ್ತೇವೆ," ಅಂದ.

ಹಿಡಿದಿಟ್ಟ ಜಾಗ

ಮರಳುವಾಗ ದೋಣಿ, ನದಿ ಸಮುದ್ರ ಸೇರುವ ಅಳಿವೆಯ ಕಡೆ ಮುಖ ಮಾಡಿತು. ಟವೆಲನ್ನು ಹೆಂಡತಿಯ ಪಕ್ಕದಲ್ಲೇ ಬಿಟ್ಟು, ಕೊನೆಯದಾಗಿ ಒಂದು ಒಳ್ಳೇ ಸೀಟು ಹುಡುಕೋಣವೆಂದು ಹಿಂದಕ್ಕೆ ಹೋದೆ. ತಿರುಗಿ ಬಂದರೆ ಅವಳು ಅಲ್ಲಿಲ್ಲ! ಅತ್ತಿತ್ತ ಹುಡುಕಿದೆ. ನೋಡಿದರೆ, ದೋಣಿಯವನು ಅವಳನ್ನು ಕರೆದು ತನ್ನ ಪಕ್ಕದ ಮುಂತುದಿಯ ಹಲಗೆಯ ಮೇಲೆ ಕೂರಿಸಿದ್ದಾನೆ. ಎದುರಿಗೆ ನದಿ, ಸಮುದ್ರ, ನಡುವೆ ಕಿತ್ತಳೆ ಹಣ್ಣಿನಂಥ ಸೂರ್ಯ. ಇಡೀ ದೋಣಿಯಲ್ಲಿ ಅದಕ್ಕಿಂತ ಒಳ್ಳೆಯ ಸೀಟಿಲ್ಲ, ಅದು ಸಿಕ್ಕಿದ್ದು ಕೂತಲ್ಲಿಂದ ಕದಲದವಳಿಗೆ!

ಓಡಿದೆ. ಅವಳ ಪಕ್ಕ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು. ಆದರೆ ಅದರ ಮೇಲೆ ಯಾರದೋ ಬಟ್ಟೆ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಬೇರೆಯವರ ಟವೆಲ್ ಕಂಡರೆ ಏನು ಮಾಡಬೇಕೆಂಬುದನ್ನೂ ಶಿವಾಜಿನಗರವೇ ನನಗೆ ಕಲಿಸಿದೆ. ಗೊತ್ತಾಗದವನಂತೆ ಎತ್ತಿ, ಪಕ್ಕಕ್ಕೆ ಎಸೆದು, ಗೆದ್ದವನ ಹಾಗೆ ಕೂತೆ.

ದೋಣಿಯ ಪಕ್ಕ ಅಂದರೆ ನದಿ.

"ರೀ!" ಅಂದಳು ಹೆಂಡತಿ. "ಅದು ನಿಮ್ದೇ ಟವೆಲ್ಲು! ನಿಮಗೋಸ್ಕರ ಜಾಗ ಹಿಡಿದಿಟ್ಟಿದ್ದೆ!"

ಇಷ್ಟು ವರ್ಷಕ್ಕೆ ಮೊದಲ ಸಲ ಅವಳು ನನಗೆ ಸೀಟು ಹಿಡಿದಿದ್ದಳು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ ಹಾಗೇ ಟವೆಲ್ಲು ಅಗಲವಾಗಿ ಹರಡಿಕೊಂಡು, ಸಮುದ್ರದ ಇಳಿತದ ಸೆಳೆತಕ್ಕೆ ಸಿಕ್ಕಿ, ಸೂರ್ಯನ ಕಡೆಗೆ ಹೊರಟಿತು.

ಅವಳು ಆರಾಮಾಗಿ ಕಾಲು ಚಾಚಿದಳು.

"ಬಿಡಿ, ಹೋಗ್ಲಿ. ದುಬೈನಲ್ಲಿ ನಮಗೆ ಸೀಟ್ ಹಿಡಿದಿರತ್ತೆ."